ಕ್ಯಾಮೆರಾ ಹಾಕಿದ ವೇಗದ ದಂಡವನ್ನು ಕಟ್ಟಬೇಕೇ, ಪ್ರಶ್ನಿಸಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ತಿಳಿದುಕೊಂಡಿರುವುದು ಹೀಗೆ: ನೀವು ಗೋಣಿಕೊಪ್ಪದವರು. ನಿಮ್ಮ ಹೆಸರಿನಲ್ಲಿರುವ ಕಾರನ್ನು ನಿಮ್ಮ ಭಾವ ಬೆಂಗಳೂರಿಗೆ ತೆಗೆದುಕೊಂಡು ಹೋಗಿದ್ದರು. ಕೆಲವು ದಿನಗಳ ನಂತರ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಂಡ್ಯದ ಸಮೀಪ ವೇಗಮಿತಿ ಮೀರಿದ್ದಕ್ಕೆ ₹1,000 ದಂಡವೆಂದು ನಿಮ್ಮ ಫೋನಿಗೆ ಸಂದೇಶ ಬಂದಿದೆ. ‘ನಾನು ನೂರು ದಾಟಿಸಿಯೇ ಇಲ್ಲ’ ಎಂದು ಭಾವ ಖಂಡಿತವಾಗಿ ಹೇಳುತ್ತಾರೆ. ದಂಡ ಕಟ್ಟಿ ಮುಗಿಸುವುದೋ, ಪ್ರಶ್ನಿಸುವುದೋ, ಪ್ರಶ್ನಿಸುವುದಾದರೆ ಎಲ್ಲಿಗೆ ಹೋಗುವುದು ಎಂದು ಕೇಳಿದ್ದೀರಿ.

ನಾನು ವಕೀಲನಲ್ಲ, ಸುಂಟಿಕೊಪ್ಪದ ಬಳಿ ಒಂದಿಷ್ಟು ಕಾಫಿ ತೋಟ ನೋಡಿಕೊಂಡಿರುವವನು. ಇದುವರೆಗೆ ನನಗೆ ಮೂರು ಬಾರಿ ದಂಡ ಬಿದ್ದಿದೆ. ಎರಡನ್ನು ತೆಪ್ಪಗೆ ಕಟ್ಟಿದ್ದೇನೆ, ಒಂದನ್ನು ಪ್ರಶ್ನಿಸಿ ರದ್ದು ಮಾಡಿಸಿದ್ದೇನೆ. ಆ ಅನುಭವದ ಮೇಲೆ, ಮತ್ತು ಆಗ ಕುಳಿತು ಓದಿದ ನಿಯಮಗಳ ಆಧಾರದ ಮೇಲೆ ಉತ್ತರಿಸುತ್ತೇನೆ.

ಮೊದಲನೆಯದಾಗಿ, ಬಂದಿರುವ ಸಂದೇಶ ನಿಜವೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ದಂಡದ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಫೈಲು (ಒತ್ತಿದರೆ ಫೋನಿನೊಳಗೆ ಆಪ್ ಕೂರಿಸುವ ಫೈಲು) ಕಳಿಸಿ, ಅದನ್ನು ಒತ್ತಿದವರ ಬ್ಯಾಂಕ್ ಖಾತೆಗೆ ಕೈ ಹಾಕುವ ವಂಚಕರು ಈಗ ಬಹಳವಾಗಿದ್ದಾರೆ. ಸಂದೇಶದಲ್ಲಿರುವ ಕೊಂಡಿಯನ್ನು ಮುಟ್ಟದೆ, ‘ಗವ್ ಡಾಟ್ ಇನ್’ ಎಂದು ಕೊನೆಯಾಗುವ ಪರಿವಾಹನ್ ಇ-ಚಲನ್ ಜಾಲತಾಣಕ್ಕೆ ನೀವೇ ಹೋಗಿ, ವಾಹನದ ಸಂಖ್ಯೆಯನ್ನೂ ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಐದು ಅಂಕಿಗಳನ್ನೂ ಕೊಟ್ಟು ಹುಡುಕಿ. ಆ ಅಂಕಿಗಳು ಆರ್‌ಸಿಯಲ್ಲಿವೆ. ಕರ್ನಾಟಕ ಒನ್ ಮೂಲಕವೂ ನೋಡಬಹುದು.

ದಂಡ ನಿಜವೆಂದಾದರೆ ಅದರ ಜೊತೆಗಿರುವ ಚಿತ್ರವನ್ನು ತೆರೆಯಿರಿ. ಕಟ್ಟುವುದೋ ಬಿಡುವುದೋ ಎಂಬ ತೀರ್ಮಾನ ಬಹುಮಟ್ಟಿಗೆ ಆ ಚಿತ್ರದಲ್ಲೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ. ನಾನು ಪ್ರಶ್ನಿಸಿದ ಪ್ರಕರಣವನ್ನೇ ಹೇಳುತ್ತೇನೆ. ಒಂದು ನಗರದಲ್ಲಿ ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿದ್ದಕ್ಕೆ ₹500 ಎಂದು ನನ್ನ ಹೆಸರಿಗೆ ಬಂತು. ಆ ಸ್ಕೂಟರ್ ಜಿಲ್ಲೆಯ ಗಡಿ ದಾಟಿದ್ದೇ ಇಲ್ಲ. ಚಿತ್ರವನ್ನು ಫೋನಿನಲ್ಲಿ ನೋಡಿದಾಗ ಏನೂ ತಿಳಿಯಲಿಲ್ಲ. ಬಣ್ಣ ಒಂದೇ, ಕಂಪನಿ ಒಂದೇ, ಸಂಖ್ಯೆಯೂ ನನ್ನದೇ. ಮಗಳ ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿದ ಮೇಲೆ ಕಂಡಿತು: ನಂಬರ್ ಪ್ಲೇಟಿನ ಕೊನೆಯ ಅಂಕಿ 8 ಅಲ್ಲ, 3. ಅದರ ಎಡಮಗ್ಗುಲಿಗೆ ಮಳೆಗಾಲದ ಕೆಸರು ಒಣಗಿ ಅಂಟಿಕೊಂಡು, ದೂರದಿಂದ ನೋಡುವವರಿಗೆ 3 ಎಂಬುದು 8 ಆಗಿತ್ತು. ಇನ್ನೊಂದು ಸಂಗತಿಯೆಂದರೆ, ಆ ಸ್ಕೂಟರಿನ ಹಿಂಬದಿಗೆ ಸಾಮಾನು ಕಟ್ಟುವ ಕಬ್ಬಿಣದ ಚೌಕಟ್ಟಿತ್ತು, ನನ್ನದಕ್ಕೆ ಇರಲಿಲ್ಲ.

ಇಂತಹ ಪ್ರಕರಣದಲ್ಲಿ ಹಿಂದೆ ಮುಂದೆ ನೋಡದೆ ಪ್ರಶ್ನಿಸಬೇಕು, ಅದಕ್ಕೆ ನ್ಯಾಯಾಲಯದವರೆಗೆ ಹೋಗುವ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ. ನಾನು ದಂಡ ಹಾಕಿದ ಠಾಣೆಗೆ ಒಂದು ಪುಟದ ಅರ್ಜಿ ಬರೆದೆ. ಅದರಲ್ಲಿ ನೋಟಿಸಿನ ಸಂಖ್ಯೆ, ದಿನಾಂಕ, ಸಮಯ, ಸ್ಥಳವನ್ನು ಮೊದಲ ಸಾಲಿನಲ್ಲೇ ಕೊಟ್ಟು, ಎರಡು ವ್ಯತ್ಯಾಸಗಳನ್ನು ಎರಡೇ ವಾಕ್ಯಗಳಲ್ಲಿ ಹೇಳಿದೆ. ಆರ್‌ಸಿಯ ನಕಲು, ನೋಟಿಸಿನ ಚಿತ್ರವನ್ನು ಹಿಗ್ಗಿಸಿದ ಪ್ರತಿ, ಅದೇ ಕೋನದಿಂದ ತೆಗೆದ ನನ್ನ ಸ್ಕೂಟರಿನ ಚಿತ್ರ, ಇವಿಷ್ಟನ್ನು ಲಗತ್ತಿಸಿದೆ. ಅದೃಷ್ಟಕ್ಕೆ ಆ ದಿನ ಸ್ಕೂಟರ್ ಕುಶಾಲನಗರದ ಒಂದು ಗ್ಯಾರೇಜಿನಲ್ಲಿ ಸರ್ವಿಸಿಗೆ ಬಿಟ್ಟಿದ್ದೆ. ಬಂದ ಸಮಯ ಮತ್ತು ಓಡಿದ ಕಿಲೋಮೀಟರ್ ಬರೆದಿದ್ದ ಅವರ ಚೀಟಿ ಇನ್ನೂ ಸೀಟಿನ ಕೆಳಗೇ ಇತ್ತು, ಅದನ್ನೂ ಸೇರಿಸಿದೆ. ಎಲ್ಲವನ್ನೂ ಸ್ವೀಕೃತಿ ಪತ್ರದೊಂದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಮೂರನೆಯ ವಾರದಲ್ಲಿ ಜಾಲತಾಣದಿಂದ ದಂಡ ಮಾಯವಾಗಿತ್ತು. ‘ತಪ್ಪಾಗಿತ್ತು’ ಎಂದು ಯಾರೂ ಬರೆದು ತಿಳಿಸಲಿಲ್ಲ. ಅದನ್ನು ನಾನು ನಿರೀಕ್ಷಿಸಿಯೂ ಇರಲಿಲ್ಲ. ಅಂಕಿಯ ಗೊಂದಲವಲ್ಲದೆ ಯಾರೋ ನಿಮ್ಮ ಸಂಖ್ಯೆಯನ್ನೇ ಕದ್ದು ಪ್ಲೇಟು ಮಾಡಿಸಿಕೊಂಡಿದ್ದಾರೆಂಬ ಅನುಮಾನ ಬಂದರೆ ಮಾತ್ರ, ಅರ್ಜಿಯ ಜೊತೆಗೆ ನಿಮ್ಮ ಊರಿನ ಪೊಲೀಸ್ ಠಾಣೆಯಲ್ಲೂ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಬೇಕು, ಏಕೆಂದರೆ ಅಂತಹ ಪ್ಲೇಟು ನಾಳೆ ಅಪಘಾತದಲ್ಲೋ ಕಳ್ಳತನದಲ್ಲೋ ಕಾಣಿಸಿಕೊಳ್ಳಬಹುದು.

ನಿಮ್ಮ ಪ್ರಕರಣ ಅಷ್ಟು ಸಲೀಸಾದದ್ದಲ್ಲ. ಕಾರು ನಿಮ್ಮದೇ, ಆ ದಿನ ಆ ರಸ್ತೆಯಲ್ಲಿ ಇದ್ದದ್ದೂ ನಿಜ. ಉಳಿದಿರುವ ತಕರಾರು ವೇಗದ್ದು ಮಾತ್ರ. ಆ ಹೆದ್ದಾರಿಯಲ್ಲಿ ಕಾರಿನ ಮಿತಿ ಗಂಟೆಗೆ 100 ಕಿಲೋಮೀಟರ್. 2024ರಿಂದ ಅಲ್ಲಿ ಕ್ಯಾಮೆರಾಗಳೇ ವೇಗ ಅಳೆದು, ಪ್ಲೇಟು ಓದಿ, ಮಾಲೀಕರಿಗೆ ಸಂದೇಶ ಕಳಿಸುತ್ತಿವೆ. ಹೀಗೆ ಯಂತ್ರದ ಮೂಲಕ ದಂಡ ಹಾಕುವುದಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮ ಅನ್ವಯಿಸುತ್ತದೆ. ಆ ನಿಯಮ ಪೊಲೀಸರ ಮೇಲೂ ಕೆಲವು ಹೊಣೆಗಳನ್ನು ಹೊರಿಸಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಅಳೆಯುವ ಸಾಧನಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು ಮತ್ತು ಅದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ವೇಗ ಅಳೆಯುವ ಜಾಗಕ್ಕೆ ಮುಂಚೆ ಎಚ್ಚರಿಕೆಯ ಫಲಕ ಇರಬೇಕು. ನೋಟಿಸನ್ನು ತಪ್ಪು ನಡೆದ 15 ದಿನಗಳೊಳಗೆ ಕಳಿಸಬೇಕು. ಅದರಲ್ಲಿ ಪ್ಲೇಟು ಸ್ಪಷ್ಟವಾಗಿ ಕಾಣುವ ಚಿತ್ರ, ಯಂತ್ರ ಅಳೆದ ವೇಗ, ದಿನಾಂಕ, ಸಮಯ, ಸ್ಥಳ, ಉಲ್ಲಂಘನೆಯಾದ ಕಲಮು, ವಿದ್ಯುನ್ಮಾನ ಸಾಕ್ಷ್ಯಕ್ಕೆ ಸಂಬಂಧಿಸಿದ ಪ್ರಮಾಣಪತ್ರ ಇರಬೇಕು. ಪ್ರಕರಣ ಮುಗಿಯುವವರೆಗೆ ಮೂಲ ದಾಖಲೆಯನ್ನು ಉಳಿಸಿಕೊಂಡಿರಬೇಕು.

ನಿಮ್ಮ ನೋಟಿಸನ್ನು ಈ ನಿಯಮದ ಪಕ್ಕದಲ್ಲಿಟ್ಟು ನೋಡಿ. ಪ್ಲೇಟು ಮಸುಕಾಗಿದ್ದರೆ, ವೇಗದ ಅಂಕಿಯೇ ಇಲ್ಲದಿದ್ದರೆ, ಅಥವಾ ಚೌಕಟ್ಟಿನಲ್ಲಿ ಎರಡು ಕಾರುಗಳಿದ್ದು ಯಾವುದರ ವೇಗ ಅಳೆದಿದ್ದಾರೆಂದು ಹೇಳಲಾಗದಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಆದರೆ 16ನೆಯ ದಿನ ಬಂತು ಎಂಬ ಒಂದೇ ಕಾರಣವನ್ನು ಹಿಡಿದುಕೊಂಡು ಮಂಡ್ಯಕ್ಕೆ ಹೊರಡಬೇಡಿ. ಅದು ಇತರ ಕಾರಣಗಳ ಜೊತೆಗೆ ಹೇಳುವ ಮಾತು.

ಇನ್ನು ಭಾವನವರ ಮಾತಿನ ಬಗ್ಗೆ. ಅವರು ಸುಳ್ಳು ಹೇಳುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ತಿತಿಮತಿಯ ಕಾಡಿನೊಳಗೆ ಆನೆಗೆ ಹೆದರಿ ನಲವತ್ತರಲ್ಲಿ ಓಡಿಸಿ ಅಭ್ಯಾಸವಾದವರಿಗೆ, ಆರು ಪಥದ ಆ ನೇರ ರಸ್ತೆಯಲ್ಲಿ ಎಂಬತ್ತಕ್ಕೂ ನೂರ ಹತ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಿರಲಿಲ್ಲ, ನಾನು ಕಟ್ಟಿದ ಎರಡು ದಂಡಗಳಲ್ಲಿ ಒಂದು ಅದೇ ರಸ್ತೆಯದು. ಕಾರಿನ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ತುಸು ಹೆಚ್ಚನ್ನೇ ತೋರಿಸುವಂತೆ ಇರುತ್ತದೆ. ಆದ್ದರಿಂದ ಮುಳ್ಳು ನಿಜಕ್ಕೂ ನೂರು ದಾಟದಿದ್ದರೆ ಕಾರು ನೂರು ದಾಟಿರುವುದು ಕಷ್ಟ. ಆದರೆ ‘ಮುಳ್ಳು ದಾಟಿರಲಿಲ್ಲ’ ಎಂಬ ನೆನಪು ಸಾಕ್ಷ್ಯವಾಗುವುದಿಲ್ಲ. ಕೆಲವರು ಫಾಸ್ಟ್ಯಾಗಿನ ಸಮಯವನ್ನು ಹಿಡಿದು ವಾದಿಸುತ್ತಾರೆ: ಗಣಂಗೂರು ಟೋಲ್ ದಾಟಿದ್ದು ಇಷ್ಟು ಹೊತ್ತಿಗೆ, ಬಿಡದಿಯ ಬಳಿಯ ಟೋಲ್ ದಾಟಿದ್ದು ಇಷ್ಟು ಹೊತ್ತಿಗೆ, ಸರಾಸರಿ ಲೆಕ್ಕ ಹಾಕಿದರೆ ಎಂಬತ್ತೈದು ಎಂದು. ಸರಾಸರಿ ಎಂಬತ್ತೈದು ಇದ್ದವನು ಮಧ್ಯದಲ್ಲಿ ಒಂದು ನಿಮಿಷ ನೂರ ಇಪ್ಪತ್ತರಲ್ಲಿ ಹೋಗಿರಬಹುದು. ಹಾಗಾಗಿ ಆ ಲೆಕ್ಕ ನಿಮ್ಮನ್ನು ಬಿಡಿಸುವುದಿಲ್ಲ. ಸರಾಸರಿಯೇ ನೂರು ದಾಟಿದ್ದರಂತೂ ನಿಮ್ಮ ಕೈಯಾರೆ ಪೊಲೀಸರಿಗೆ ಸಾಕ್ಷ್ಯ ಕೊಟ್ಟಂತಾಗುತ್ತದೆ. ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಕಾರಿನಲ್ಲಿ ಜಿಪಿಎಸ್ ವೇಗ ದಾಖಲಿಸುವ ಡ್ಯಾಶ್‌ಕ್ಯಾಮ್ ಇದ್ದು, ಆ ನಿಮಿಷದ ದೃಶ್ಯ ಉಳಿದಿದ್ದರೆ. ಇದ್ದರೆ ಇವತ್ತೇ ಪ್ರತಿ ತೆಗೆದಿಡಿ, ಹಳೆಯ ದೃಶ್ಯಗಳ ಮೇಲೆ ಹೊಸದು ಬರೆದುಕೊಳ್ಳುತ್ತಲೇ ಹೋಗುತ್ತದೆ.

ಪ್ರಶ್ನಿಸುವುದಾದರೆ ಅಲ್ಲೂ ಮೊದಲು ದಂಡ ಹಾಕಿದ ಠಾಣೆಗೆ ಲಿಖಿತ ಆಕ್ಷೇಪಣೆ ಕಳಿಸಿ. ನೋಟಿಸಿನಲ್ಲಿ ಕೊಟ್ಟಿರುವ ಗಡುವನ್ನು ಮೀರಬೇಡಿ. ಅವರು ಒಪ್ಪದಿದ್ದರೆ ಪ್ರಕರಣ ನ್ಯಾಯಾಲಯಕ್ಕೆ ಹೋಗಬಹುದು. ವರ್ಚುವಲ್ ನ್ಯಾಯಾಲಯಕ್ಕೆ, ಅಂದರೆ ಅಂತರ್ಜಾಲದಲ್ಲೇ ನಡೆಯುವ ನ್ಯಾಯಾಲಯಕ್ಕೆ, ಹೋದರೆ ಅಲ್ಲಿ ಮನೆಯಿಂದಲೇ ದಂಡ ಕಟ್ಟುವ ಅಥವಾ ‘ವಿರೋಧಿಸುತ್ತೇನೆ’ ಎನ್ನುವ ಎರಡು ಆಯ್ಕೆಗಳು ಇರುತ್ತವೆ. ವಿರೋಧಿಸಿದರೆ ಅದು ತಪ್ಪು ನಡೆಯಿತೆನ್ನಲಾದ ಜಾಗದ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ನೀವು ಗೋಣಿಕೊಪ್ಪದಲ್ಲಿದ್ದೀರೆಂದು ಪೊನ್ನಂಪೇಟೆಗೋ ವಿರಾಜಪೇಟೆಗೋ ಬರುವುದಿಲ್ಲ. ನಮ್ಮ ಕಡೆಯವರು ಇದನ್ನು ಪದೇ ಪದೇ ತಪ್ಪಾಗಿ ತಿಳಿಯುತ್ತಾರೆ. ಕುಶಾಲನಗರದ ಕಾವೇರಿ ಸೇತುವೆಯ ಆಚೆ ಕಾಲಿಟ್ಟರೆ ಅದು ಕೊಪ್ಪ, ಮೈಸೂರು ಜಿಲ್ಲೆ. ಪೇಟೆಗೆ ಹೋಗಿಬಂದಷ್ಟು ಹತ್ತಿರವಾದರೂ ಅಲ್ಲಿಯ ದಂಡಕ್ಕೆ ಪಿರಿಯಾಪಟ್ಟಣದ ಕಡೆಗೇ ಮುಖ ಮಾಡಬೇಕು.

ಈಗ ಖರ್ಚಿನ ಮಾತು. ಕಾನೂನಿನಲ್ಲಿ ಕಾರಿನ ವೇಗೋಲ್ಲಂಘನೆಗೆ ₹1,000ದಿಂದ ₹2,000ದವರೆಗೆ ದಂಡವಿದೆ, ನಿಮ್ಮಿಂದ ಕೇಳಿರುವುದು ಅದರ ಕೆಳಗಿನ ಮೊತ್ತ. ಅದನ್ನು ಕಟ್ಟಿದರೆ ರಾಜಿಯಾದಂತೆ, ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ನ್ಯಾಯಾಲಯದಲ್ಲಿ ಸೋತರೆ ಮೇಲಿನ ಮೊತ್ತವೂ ಬೀಳಬಹುದು. ಅದರ ಮೇಲೆ ಬೆಳಗಿನ ಬಸ್ಸು, ವಕೀಲರ ಶುಲ್ಕ, ಮುಂದೂಡಿದರೆ ಇನ್ನೊಂದು ದಿನ. ಆ ದಿನಗಳು ಕಾಫಿ ಕೊಯ್ಲಿನ ಜನವರಿಯಲ್ಲಿ ಬಿದ್ದರೆ ತೋಟದಲ್ಲಿ ಆಳುಗಳ ಮುಂದೆ ಯಾರು ನಿಲ್ಲುತ್ತಾರೆ ಎಂದೂ ಯೋಚಿಸಿ. ಹಣದ ಲೆಕ್ಕದಲ್ಲಿ ₹1,000ಕ್ಕಾಗಿ ಹೋರಾಡುವುದು ಯಾವತ್ತೂ ನಷ್ಟದ ಬಾಬತ್ತು. ತಪ್ಪು ಮಾಡಿಲ್ಲವೆಂಬ ಖಾತ್ರಿಯೂ, ತೋರಿಸಲು ಪುರಾವೆಯೂ ಎರಡೂ ಇದ್ದವರು ಮಾತ್ರ ಹೋಗಬೇಕು, ಮತ್ತು ಅಂಥವರು ಹೋಗಲೇಬೇಕು ಎನ್ನುತ್ತೇನೆ.

ಕಟ್ಟದೆ, ಪ್ರಶ್ನಿಸದೆ ಸುಮ್ಮನೆ ಬಿಡುವುದು ಮಾತ್ರ ಬೇಡ. ಸರ್ಕಾರ 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡದಲ್ಲಿ ಅರ್ಧ ರಿಯಾಯಿತಿ ಕೊಟ್ಟಿತ್ತು. ಅದನ್ನು ನೋಡಿ, ಮುಂದಿನ ರಿಯಾಯಿತಿ ಬರಲಿ ಎಂದು ಕಾಯುವವರು ನನ್ನ ಪರಿಚಯದಲ್ಲೇ ನಾಲ್ಕೈದು ಜನ ಇದ್ದಾರೆ. ನಾನು ಹಳೆಯ ಜೀಪು ಮಾರುವಾಗ, ಕೊಳ್ಳಲು ಬಂದವರು ಕಾಫಿ ಕುಡಿಯುತ್ತಲೇ ಫೋನಿನಲ್ಲಿ ನೋಡಿ, ನಾನು ಮರೆತೇಬಿಟ್ಟಿದ್ದ ಒಂದು ದಂಡವನ್ನು ಓದಿ ಹೇಳಿದರು. ದಂಡ ₹500, ಅವರು ಬೆಲೆಯಲ್ಲಿ ಇಳಿಸಿದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಓಡಿಸಿದವರು ಭಾವ, ನೋಟಿಸು ನಿಮಗೇಕೆ ಎಂಬ ಪ್ರಶ್ನೆಗೆ ಉತ್ತರ ಸರಳ. ಯಂತ್ರಕ್ಕೆ ಕಾಣುವುದು ಪ್ಲೇಟು, ಪ್ಲೇಟಿನ ಹಿಂದಿರುವುದು ಆರ್‌ಸಿಯ ಹೆಸರು. ಪೊಲೀಸರು ಕೇಳಿದರೆ ಯಾರು ಓಡಿಸುತ್ತಿದ್ದರೆಂದು ತಿಳಿಸುವುದು ಮಾಲೀಕರ ಕರ್ತವ್ಯವೆಂದು ಮೋಟಾರು ವಾಹನ ಕಾಯಿದೆಯ 133ನೆಯ ಕಲಮು ಹೇಳುತ್ತದೆ. ಆದ್ದರಿಂದ ಆಕ್ಷೇಪಣೆ ಬರೆಯುವುದಾದರೆ ‘ನಾನು ನೂರು ದಾಟಿಸಿಲ್ಲ’ ಎಂದು ನೀವು ಬರೆಯಬೇಡಿ, ನೀವು ಕಾರಿನಲ್ಲೇ ಇರಲಿಲ್ಲ. ಓಡಿಸಿದವರ ಹೆಸರು ಹೇಳಿ, ಅವರ ಹೇಳಿಕೆಯನ್ನು ಅವರ ಸಹಿಯೊಂದಿಗೆ ಸೇರಿಸಿ. ಇದಕ್ಕೆ ಭಾವ ಸಿದ್ಧರಿದ್ದಾರೆಯೇ ಎಂದು ಕೇಳಿದ ಕೂಡಲೇ ಅವರ ಖಂಡಿತ ಎಷ್ಟು ಖಂಡಿತವೆಂದು ನಿಮಗೂ ತಿಳಿಯುತ್ತದೆ.

ಒಂದು ಮುಖ್ಯ ಅಂಶವನ್ನು ನೀವು ಬರೆದಿಲ್ಲ: ನೋಟಿಸಿನಲ್ಲಿ ಎಷ್ಟು ವೇಗವೆಂದು ಇದೆ? 103 ಎಂದಿದ್ದರೆ ನಿಮ್ಮ ಸಂಶಯಕ್ಕೆ ಅರ್ಥವಿದೆ, ಠಾಣೆಗೆ ಆಕ್ಷೇಪಣೆ ಬರೆದು ನೋಡಿ, ಅಂಚೆಯ ಖರ್ಚಷ್ಟೇ. 125 ಎಂದಿದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು 2024ರಲ್ಲೇ ಹೇಳಿದ್ದಾರೆ, ಅದಕ್ಕಿಂತ ಕೆಳಗೆ ಉಳಿದಿರಿ. ಎರಡರಲ್ಲಿ ಯಾವುದಾದರೂ ಸರಿ, ಠಾಣೆಗೆ ಬರೆಯುವ ಮುಂಚೆ ಆ ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೆರೆದು ಭಾವನವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.