ಅಳುವನ್ನು ಅಳೆಯುವವರ ಅಳುಕು

ಬೆಳವಣಿಗೆಯ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಅಧ್ಯಯನ ಮುಗಿಸುವ ಹಂತದಲ್ಲಿರುವ ವಿದ್ಯಾರ್ಥಿಗಳು ನನ್ನ ಬಳಿ ಆಪ್ತಸಲಹೆಗೆಂದು ಬಂದಾಗ ಮೊದಲು ಹೇಳಿಕೊಳ್ಳುವುದು ಬಹುಮಟ್ಟಿಗೆ ಒಂದೇ ಬಗೆಯ ಕಷ್ಟ: ರಾತ್ರಿ ನಿದ್ದೆ ಬರುವುದಿಲ್ಲ, ಸಂಶೋಧನಾ ಸಹಾಯಕರ ಹುದ್ದೆಗೆ ಅರ್ಜಿ ಬರೆಯಲು ಕುಳಿತರೆ ಕೈ ಓಡುವುದಿಲ್ಲ, ಸಹಪಾಠಿಗಳಿಗೆಲ್ಲ ದಾರಿ ಕಾಣಿಸಿದೆ, ತಮಗೆ ಮಾತ್ರ ಕಾಣಿಸಿಲ್ಲ. ಸ್ಪರ್ಧೆಯ ಭಯ ಎಂದು ಇದನ್ನು ಬದಿಗೆ ಸರಿಸುವುದು ಸುಲಭ. ಆದರೆ ಸ್ವಲ್ಪ ಹೊತ್ತು ಮಾತನಾಡಿಸಿದರೆ ಹಲವರಲ್ಲಿ ಬೇರೊಂದು ಶಂಕೆ ಹೊರಬರುತ್ತದೆ. ಮಕ್ಕಳನ್ನು ಕುರಿತ ಸಂಶೋಧನೆಗೆ ಬೇಕಾದ ಹೃದಯ ತಮ್ಮಲ್ಲಿ ಇಲ್ಲವೇನೋ ಎಂಬುದೇ ಆ ಶಂಕೆ. ಅದನ್ನು ಅತ್ಯಂತ ಸ್ಪಷ್ಟವಾಗಿ ಆಡಿ ತೋರಿಸಿದ ಒಬ್ಬ ವಿದ್ಯಾರ್ಥಿನಿಯ ಪ್ರಕರಣವನ್ನು, ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ದಾಖಲಿಸುತ್ತಿದ್ದೇನೆ.

ಆಕೆಯ ಹಿನ್ನೆಲೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಂಕಗಳು ಚೆನ್ನಾಗಿದ್ದವು. ವಿಭಾಗದ ಶಿಶು ಅಧ್ಯಯನ ಪ್ರಯೋಗಾಲಯದಲ್ಲಿ ಸಂಬಳವಿಲ್ಲದೆ ವಿಡಿಯೊ ಕೋಡಿಂಗ್, ಅಂದರೆ ವಿಡಿಯೊ ನೋಡಿ ಮಗುವಿನ ವರ್ತನೆಗಳನ್ನು ಗುರುತಿಸಿ ದಾಖಲಿಸುವ ಕೆಲಸ, ಮಾಡಿದ ಅನುಭವವಿತ್ತು. ಕ್ಯಾಂಪಸ್ಸಿನಲ್ಲಿ ನಡೆಯುವ ಯಾವ ವಿಶೇಷ ಉಪನ್ಯಾಸವನ್ನೂ ಕಾರ್ಯಾಗಾರವನ್ನೂ ಆಕೆ ತಪ್ಪಿಸಿಕೊಂಡವರಲ್ಲ. ಪ್ರಮಾಣಪತ್ರಗಳ ಒಂದು ದಪ್ಪ ಕಡತವನ್ನೇ ಹಿಡಿದು ಬಂದಿದ್ದರು. ಆದರೂ ಕರೆ ಬಂದಿದ್ದ ಒಂದು ಸಂದರ್ಶನದಿಂದ ಹಿಂದಿನ ದಿನವೇ ಹಿಂದೆ ಸರಿದಿದ್ದರು, ಮತ್ತು ಏಕೆ ಸರಿದೆನೆಂದು ಮನೆಯಲ್ಲಿಯೂ ಹೇಳಿರಲಿಲ್ಲ.

ಆರಂಭದ ಭೇಟಿಗಳು ನಿದ್ದೆ, ಊಟ, ದಿನಚರಿಗಳ ವಿಚಾರಣೆಯಲ್ಲಿ ಕಳೆದವು. ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. ಅರ್ಧಕ್ಕೆ ನಿಂತ ಅರ್ಜಿಯ ಪತ್ರವನ್ನು ತನ್ನಿ ಎಂದೆ. ಅದರ ಮೊದಲ ವಾಕ್ಯ, "ಚಿಕ್ಕಂದಿನಿಂದಲೂ ಮಕ್ಕಳೆಂದರೆ ನನಗೆ ಪ್ರಾಣ" ಎಂದಿತ್ತು. ಇಂಥ ಪತ್ರಗಳನ್ನು ಓದಿ ಓದಿ ನನಗೆ ಈ ವಾಕ್ಯದ ಬಗ್ಗೆ ಸ್ವಲ್ಪ ಅಸಹನೆ ಬೆಳೆದಿದೆಯೆಂದು ಒಪ್ಪಿಕೊಳ್ಳಬೇಕು. ಶಿಶುವಿಹಾರದ ಕೆಲಸಕ್ಕೂ ಮಕ್ಕಳ ಆಸ್ಪತ್ರೆಯ ಕೆಲಸಕ್ಕೂ ಸಂಶೋಧನೆಗೂ ಅದು ಒಂದೇ ರೀತಿ ಹೊಂದುತ್ತದೆ, ಹಾಗಾಗಿ ಓದುವವರಿಗೆ ಏನನ್ನೂ ತಿಳಿಸುವುದಿಲ್ಲ. ಈ ವಾಕ್ಯವನ್ನು ತೆಗೆದರೆ ಪತ್ರಕ್ಕೆ ಏನಾಗುತ್ತದೆ ಎಂದು ಕೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು ನಂತರ ಹೇಳಿದರು: "ಆ ವಾಕ್ಯ ಸುಳ್ಳು, ಮೇಡಂ. ಅದಕ್ಕೇ ಮುಂದೆ ಬರೆಯಲಾಗುತ್ತಿಲ್ಲ."

ಆಕೆ ಕೋಡಿಂಗ್ ಮಾಡುತ್ತಿದ್ದುದು ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ "ನಿಶ್ಚಲ ಮುಖ" ಪ್ರಯೋಗದ ವಿಡಿಯೊಗಳನ್ನು. ಅದರಲ್ಲಿ ತಾಯಿ ಮೊದಲು ಮಗುವಿನೊಡನೆ ಎಂದಿನಂತೆ ಆಡುತ್ತಾಳೆ, ಆಮೇಲೆ ಸ್ವಲ್ಪ ಹೊತ್ತು ಯಾವ ಭಾವವನ್ನೂ ತೋರದ ಮುಖದಿಂದ ಸುಮ್ಮನೆ ನೋಡುತ್ತಾ ಕೂರುತ್ತಾಳೆ, ಕೊನೆಗೆ ಮತ್ತೆ ಎಂದಿನಂತೆ ಮಾತನಾಡಿಸುತ್ತಾಳೆ. ನಡುವಿನ ಹಂತದಲ್ಲಿ ಮಗು ನಗುತ್ತದೆ, ಕೈ ಚಾಚುತ್ತದೆ, ಮುಖ ತಿರುಗಿಸುತ್ತದೆ, ಕೆಲವೊಮ್ಮೆ ಅಳುತ್ತದೆ. ಇವುಗಳಲ್ಲಿ ಪ್ರತಿಯೊಂದೂ ಯಾವಾಗ ತೊಡಗಿತು, ಯಾವಾಗ ನಿಂತಿತು ಎಂದು ಗುರುತಿಸುವುದೇ ಕೋಡಿಂಗ್ ಮಾಡುವವರ ಕೆಲಸ.

"ಅಳು ಯಾವ ಸೆಕೆಂಡಿನಲ್ಲಿ ಶುರುವಾಯಿತು ಎಂದು ಹಿಡಿಯಲು ಒಂದೇ ತುಣುಕನ್ನು ಮಧ್ಯಾಹ್ನವೆಲ್ಲ ಹಿಂದೆ ಮುಂದೆ ಓಡಿಸಿದೆ. ಮಗು ಅಳುತ್ತಲೇ ಇತ್ತು. ನನಗೆ ಒಂದು ಸಲವೂ ಸಂಕಟವಾಗಲಿಲ್ಲ. ಕೊನೆಗೆ ಆ ಸೆಕೆಂಡು ಸಿಕ್ಕಾಗ ಖುಷಿಯಾಯಿತು. ನಿಜವಾಗಿ ಖುಷಿಯಾಯಿತು. ಇಂಥವಳು ಮಕ್ಕಳ ಬಗ್ಗೆ ಕೆಲಸ ಮಾಡಬಹುದೇ?"

ಹೀಗಾಗುವುದು ಸಹಜ ಎಂದು ಹೇಳಿ ಸಮಾಧಾನಪಡಿಸಲು ಆಗ ಯಾರಿಗಾದರೂ ಮನಸ್ಸಾಗುತ್ತದೆ. ನಾನು ಹಾಗೆ ಹೇಳಲಿಲ್ಲ, ಏಕೆಂದರೆ ಆಕೆ ಸಮಾಧಾನವನ್ನು ಕೇಳಿರಲಿಲ್ಲ, ತೀರ್ಪನ್ನು ಕೇಳಿದ್ದರು. ಹೋಲಿಸಿ ನೋಡಲೆಂದು ಅದೇ ತುಣುಕನ್ನು ಪ್ರತ್ಯೇಕವಾಗಿ ಕೋಡಿಂಗ್ ಮಾಡಿದ ಎರಡನೆಯವರು ಯಾವ ಸೆಕೆಂಡನ್ನು ಗುರುತಿಸಿದ್ದರು ಎಂದು ಕೇಳಿದೆ. ಕುಗ್ಗಿ ಕುಳಿತಿದ್ದವರು ನೆಟ್ಟಗಾದರು. ಅವರ ಜೊತೆಗಾರ್ತಿ ಮುಂಚಿನ ಒಂದು ಕ್ಷಣವನ್ನು ಗುರುತಿಸಿದ್ದರಂತೆ. ಆಗ ಮಗುವಿನ ತುಟಿ ಸೊಟ್ಟಗಾಗಿತ್ತು, ಹುಬ್ಬು ಗಂಟಿಕ್ಕಿತ್ತು, ಆದರೆ ದನಿ ಹೊರಟಿರಲಿಲ್ಲ. ದನಿಯಿಲ್ಲದ್ದನ್ನು ಅಳು ಎಂದು ಎಣಿಸಿದರೆ ಮಗು ತಾನೇ ಸಂಭಾಳಿಸಿಕೊಳ್ಳಲು ಮಾಡಿದ ಪ್ರಯತ್ನ ಲೆಕ್ಕದಿಂದ ಬಿದ್ದುಹೋಗುತ್ತದೆ ಎಂಬುದು ನನ್ನೆದುರಿಗಿದ್ದ ವಿದ್ಯಾರ್ಥಿನಿಯ ವಾದ. ಕೋಡಿಂಗ್ ನಿಯಮಗಳ ಕೈಪಿಡಿಯಲ್ಲಿ ಈ ಬಗ್ಗೆ ಸ್ಪಷ್ಟತೆ ಇರಲಿಲ್ಲವಾದ್ದರಿಂದ ಇಬ್ಬರೂ ಸೇರಿ ಪ್ರಯೋಗಾಲಯದ ಮುಖ್ಯಸ್ಥರಿಗೆ ಬರೆದು, ಕೈಪಿಡಿಯ ವ್ಯಾಖ್ಯೆಯನ್ನೇ ತಿದ್ದಿಸಿದ್ದರು. ಇಷ್ಟನ್ನು ಆಕೆ ಒಂದೇ ಉಸಿರಿನಲ್ಲಿ ಹೇಳಿದರು. ಇದರ ಒಂದಕ್ಷರವೂ ಅರ್ಜಿಯ ಪತ್ರದಲ್ಲಿ ಇರಲಿಲ್ಲ.

"ಆ ಸೆಕೆಂಡು ತಪ್ಪಾಗಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು?" ಎಂದು ಕೇಳಿದೆ.

ಆಕೆ ಯೋಚಿಸಿ, "ಆ ಮಗು ಅತ್ತದ್ದು ವ್ಯರ್ಥವಾಗುತ್ತಿತ್ತು" ಎಂದರು.

ಈ ಮಾತಿಗೆ ನಾನು ಏನನ್ನೂ ಸೇರಿಸಲಿಲ್ಲ. ಬದಲಿಗೆ ಜೇಮ್ಸ್ ರಾಬರ್ಟ್‌ಸನ್ ಅವರ ಕಥೆಯನ್ನು ಹೇಳಿದೆ. ಆಸ್ಪತ್ರೆಗೆ ಸೇರಿದ ಮಕ್ಕಳನ್ನು ನೋಡಲು ತಂದೆತಾಯಿಯರಿಗೆ ಬಹಳ ಕಡಿಮೆ ಅವಕಾಶವಿದ್ದ ಕಾಲದಲ್ಲಿ, ಮನೋವೈದ್ಯ ಜಾನ್ ಬೌಲ್ಬಿಯವರ ಸಹಾಯಕರಾಗಿ 1948ರಿಂದ ಅಂಥ ಮಕ್ಕಳನ್ನು ಗಮನಿಸತೊಡಗಿದವರು ಅವರು. ತಾವು ಕಂಡದ್ದಕ್ಕೆ ಆಳವಾಗಿ ಮರುಗಿದ್ದರು. ಆದರೆ ವೈದ್ಯರಿಗೆ ಮರುಕದ ಮಾತು ನಾಟಲಿಲ್ಲ. ಆಗ ಅವರು ಆಸ್ಪತ್ರೆ ಸೇರಿದ ಎರಡು ವರ್ಷದ ಒಂದು ಮಗುವನ್ನು ಚಿತ್ರೀಕರಿಸಿ 1952ರಲ್ಲಿ ವೈದ್ಯರ ಮುಂದಿಟ್ಟರು. ಅತ್ತ ಗಳಿಗೆಗಳನ್ನಷ್ಟೇ ಆಯ್ದು ತೋರಿಸಿದ್ದೀರಿ ಎಂಬ ಆಕ್ಷೇಪಕ್ಕೆ ಎಡೆಯಿರಬಾರದೆಂದು ದಿನದ ನಿಗದಿತ ವೇಳೆಗಳಲ್ಲಿ ಚಿತ್ರೀಕರಿಸಿದ್ದರು, ಮತ್ತು ಅದಕ್ಕೆ ಸಾಕ್ಷಿಯಾಗಿ ವಾರ್ಡಿನ ಗಡಿಯಾರ ಚಿತ್ರದಲ್ಲಿ ಕಾಣಿಸುತ್ತದೆ. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿಯ ವರದಿ, ಆಸ್ಪತ್ರೆಯಲ್ಲಿರುವ ಮಕ್ಕಳನ್ನು ನೋಡಲು ತಂದೆತಾಯಿಯರಿಗೆ ನಿರ್ಬಂಧವಿರಬಾರದು ಎಂದು ಶಿಫಾರಸು ಮಾಡಿತು. ಗಡಿಯಾರ ನೋಡುತ್ತಾ ಕುಳಿತವರಿಂದ ಮಕ್ಕಳಿಗೆ ಆದ ಉಪಕಾರಕ್ಕೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ನನಗೆ ತಿಳಿದಿಲ್ಲ.

ಇಲ್ಲಿ ಒಂದು ಎಚ್ಚರವನ್ನೂ ಆಕೆಗೆ ಹೇಳಿದೆ. ಅಳುವನ್ನು ಗಮನವಿಟ್ಟು ಎಣಿಸುವುದು ಬೇರೆ, ಕೋಣೆಯಲ್ಲಿರುವ ಮಗುವಿನ ಸಂಕಟಕ್ಕೆ ಕುರುಡಾಗುವುದು ಬೇರೆ. ಇಂಥ ಪ್ರಯೋಗಗಳಲ್ಲಿ ಅಳು ಮಿತಿ ಮೀರಿದರೆ ಅಲ್ಲಿಗೇ ನಿಲ್ಲಿಸಬೇಕೆಂಬ ನಿಯಮವನ್ನು ನೈತಿಕ ಸಮಿತಿಯ ಒಪ್ಪಿಗೆಯ ಹೊತ್ತಿಗೇ ಬರೆದಿಟ್ಟಿರಬೇಕು, ತಾಯಿಗೆ ಯಾವ ಕ್ಷಣದಲ್ಲಾದರೂ ಮಗುವನ್ನು ಎತ್ತಿಕೊಳ್ಳುವ ಹಕ್ಕಿರಬೇಕು. ನಿಲ್ಲಿಸಿ ಎಂದು ಹೇಳುವ ಅಧಿಕಾರ ಅತ್ಯಂತ ಕಿರಿಯ ಸಹಾಯಕರಿಗೂ ಇದೆಯೇ ಎಂದು ಸಂದರ್ಶನದಲ್ಲಿ ಕೇಳಿ ಎಂದೆ. ಆ ಪ್ರಶ್ನೆಗೆ ಮುಖ ಗಂಟಿಕ್ಕುವ ಪ್ರಯೋಗಾಲಯದಲ್ಲಿ ಕೆಲಸ ಸಿಗದಿದ್ದರೆ ನಷ್ಟವಿಲ್ಲ.

ಈ ಪ್ರಕರಣವನ್ನು ಸಹೋದ್ಯೋಗಿಗಳೊಡನೆ ಚರ್ಚಿಸಿದಾಗ ಹಿರಿಯರೊಬ್ಬರು ಎರಡು ಆಕ್ಷೇಪಗಳನ್ನು ಎತ್ತಿದರು. ಸಂಕಟವಾಗಲಿಲ್ಲ ಎಂಬ ಮಾತಿನ ಹಿಂದೆ ಆಕೆಯ ಸ್ವಂತ ಬಾಲ್ಯದ ನೋವು ಮರಗಟ್ಟಿ ಕುಳಿತಿರಬಹುದು, ನೀವು ಅದನ್ನು ಕೆದಕದೆ ಬಿಟ್ಟಿರಿ ಎಂಬುದು ಮೊದಲನೆಯದು. ಕೆದಕದೆ ಬಿಟ್ಟಿಲ್ಲ, ಕೇಳಿದ್ದೇನೆ. ಮನೆಯಲ್ಲಿ ಅಣ್ಣನ ಮಗು ಅತ್ತರೆ ಆಕೆ ಮಾಡುತ್ತಿರುವ ಕೆಲಸ ಬಿಟ್ಟು ಓಡುತ್ತಾರೆ. ಗೆಳತಿಯರ ದುಃಖಕ್ಕೆ ಕಣ್ಣು ತುಂಬುತ್ತದೆ. ಪರದೆಯ ಮುಂದೆ ಕುಳಿತಾಗ ಮಾತ್ರ ಮನಸ್ಸು ಬೇರೊಂದು ಹದಕ್ಕೆ ಬರುತ್ತದೆ, ಮತ್ತು ಶಸ್ತ್ರಚಿಕಿತ್ಸಕರಲ್ಲಿ ನಾವು ಮೆಚ್ಚುವ ಈ ಹದವನ್ನು ಮಕ್ಕಳನ್ನು ಅಧ್ಯಯನ ಮಾಡುವ ಯುವತಿಯಲ್ಲಿ ರೋಗವೆಂದು ನೋಡಲು ನಾನು ಸಿದ್ಧಳಿಲ್ಲ. ಆಪ್ತಸಲಹೆಗಾರರು ಉದ್ಯೋಗದ ಪತ್ರ ತಿದ್ದಬಾರದು, ಅದಕ್ಕೆ ಬೇರೆ ವಿಭಾಗವಿದೆ ಎಂಬುದು ಎರಡನೆಯ ಆಕ್ಷೇಪ. ಆಕೆಯ ಆತಂಕ ಹುಟ್ಟಿದ್ದೇ ಈ ಕೆಲಸ ಎಂಥದ್ದು ಎಂಬ ತಪ್ಪು ಕಲ್ಪನೆಯಿಂದ. ಉಸಿರಾಟದ ಅಭ್ಯಾಸ ಕಲಿಸಿ, ಕಲ್ಪನೆಯನ್ನು ಹಾಗೆಯೇ ಉಳಿಸಿ ಕಳುಹಿಸಿದ್ದರೆ ಮುಂದಿನ ನೇಮಕಾತಿ ಪ್ರಕಟಣೆಯ ಹೊತ್ತಿಗೆ ಆಕೆ ಮತ್ತೆ ಅಲ್ಲಿಯೇ ನಿಲ್ಲುತ್ತಿದ್ದರು.

ಆದ್ದರಿಂದ ಪತ್ರದ ಮೊದಲ ವಾಕ್ಯವನ್ನು ಹೊಡೆದುಹಾಕಿ, ಅಳುವಿನ ವ್ಯಾಖ್ಯೆಯ ಭಿನ್ನಾಭಿಪ್ರಾಯ ಹೇಗೆ ಬಗೆಹರಿಯಿತು ಎಂಬುದನ್ನೇ ಬರೆಯಲು ಹೇಳಿದೆ. ಇಬ್ಬರ ತೀರ್ಮಾನ ಕೇವಲ ಆಕಸ್ಮಿಕವಾಗಿ ತಾಳೆಯಾಗಿದೆಯೋ, ಅದಕ್ಕಿಂತ ಹೆಚ್ಚಾಗಿಯೋ ಎಂದು ಲೆಕ್ಕ ಹಾಕಲು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಸೂಚ್ಯಂಕ ಈ ಕ್ಷೇತ್ರದಲ್ಲಿ ಇಂದಿಗೂ ದಿನಬಳಕೆಯ ಸಾಧನ. ವ್ಯಾಖ್ಯೆ ತಿದ್ದುವ ಮೊದಲು ಮತ್ತು ತಿದ್ದಿದ ನಂತರ ಅದು ಎಷ್ಟಿತ್ತು ಎಂದು ಬರೆದರೆ, ಓದುವವರಿಗೆ ಎದುರಿಗಿರುವುದು ಎಂಥ ಕೆಲಸಗಾರ್ತಿ ಎಂದು ತಿಳಿಯುತ್ತದೆ. ನೇಮಕಾತಿ ಪ್ರಕಟಣೆಗಳನ್ನು ಓದುವಾಗಲೂ ಹುದ್ದೆಯ ಹೆಸರಿಗೆ ಮರುಳಾಗದೆ ಕೆಲಸದ ವಿವರ ನೋಡಬೇಕು. ಕುಟುಂಬಗಳಿಗೆ ಕರೆ ಮಾಡುವುದು, ಸಮ್ಮತಿ ಪತ್ರಗಳನ್ನು ಕಾಪಾಡುವುದು, ಕೋಡಿಂಗ್, ದತ್ತಾಂಶವನ್ನು ಬೇರೆಯವರೂ ಬಳಸುವಂತೆ ಸಜ್ಜುಗೊಳಿಸುವುದು, ಇವುಗಳಲ್ಲಿ ಯಾವುದು ಎಷ್ಟಿದೆ ಎಂಬುದರ ಮೇಲೆ ಮುಂದಿನ ವರ್ಷ ಹೇಗಿರುತ್ತದೆ ಎಂಬುದು ನಿಂತಿದೆ. ಕೊನೆಯದು ಈಗ ಹೆಚ್ಚು ಮುಖ್ಯವಾಗಿದೆ. ಶಿಶುಗಳು ತಮ್ಮನ್ನು ಉದ್ದೇಶಿಸಿ ಆಡುವ ಮುದ್ದುಮಾತನ್ನು ಹೆಚ್ಚು ಗಮನಿಸುತ್ತವೆಯೇ ಎಂದು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಮೆನಿಬೇಬೀಸ್ ಅಧ್ಯಯನದಲ್ಲಿ 67 ಪ್ರಯೋಗಾಲಯಗಳು ಸೇರಿ 2,329 ಶಿಶುಗಳ ದತ್ತಾಂಶವನ್ನು ಒಟ್ಟುಗೂಡಿಸಿದ್ದವು. ಅಷ್ಟು ಕಡೆಗಳಿಂದ ಬಂದದ್ದು ಒಂದೇ ಮಾದರಿಯಲ್ಲಿ ಇರುವಂತೆ ನೋಡಿಕೊಳ್ಳಲು ಕ್ರಮಬದ್ಧವಾಗಿ ಕೆಲಸ ಮಾಡುವ ಸಹಾಯಕರು ಬೇಕು.

ಕ್ಯಾಂಪಸ್ ಕಾರ್ಯಕ್ರಮಗಳ ವಿಷಯದಲ್ಲಿ ನನ್ನ ಸಲಹೆ ಆಕೆಗೆ ಅಚ್ಚರಿ ತಂದಿತು: ಕಡಿಮೆ ಹೋಗಿ. ಕೇಳಿ ಎದ್ದು ಬರುವ ಉಪನ್ಯಾಸಗಳನ್ನು ಬಿಟ್ಟು, ಪೋಸ್ಟರ್ ಪ್ರದರ್ಶನ ಮತ್ತು ಪ್ರಯೋಗಾಲಯಗಳ ಮುಕ್ತ ದಿನಗಳನ್ನು ಆಯ್ದುಕೊಳ್ಳಿ. ಅಲ್ಲಿ ಪ್ರಾಧ್ಯಾಪಕರ ಸುತ್ತ ಇರುವ ಗುಂಪಿಗೆ ಸೇರದೆ ಪೋಸ್ಟರಿನ ಪಕ್ಕದಲ್ಲಿ ಒಬ್ಬರೇ ನಿಂತಿರುವ ಸಹಾಯಕರ ಬಳಿ ಹೋಗಿ, ಕಳೆದ ವಾರ ಏನೇನು ಕೆಲಸ ಮಾಡಿದಿರಿ ಎಂದು ಕೇಳಿ. ಹುದ್ದೆ ತೆರವಾಗುವ ಸುದ್ದಿ ಪ್ರಕಟಣೆಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ, ಏಕೆಂದರೆ ಬಹಳ ಸಲ ತೆರವಾಗುವುದು ಅವರದೇ ಹುದ್ದೆ. ಪ್ರಕಟಣೆಗಳನ್ನೇ ನೋಡಬೇಡಿ ಎಂದು ಇದರ ಅರ್ಥವಲ್ಲ. ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ 1950ರಲ್ಲಿ ಬೌಲ್ಬಿಯವರ ತಂಡವನ್ನು ಸೇರಿದ್ದು ಪತ್ರಿಕೆಯಲ್ಲಿ ಕಂಡ ಒಂದು ಜಾಹೀರಾತಿಗೆ ಅರ್ಜಿ ಹಾಕಿ, ಮತ್ತು ತಾಯಿ-ಮಗುವಿನ ಬಾಂಧವ್ಯವನ್ನು ಕುರಿತ ಇಂದಿನ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಅಲ್ಲಿಂದ ಮುಂದೆ ಬೆಳೆದದ್ದು.

ಸಂಬಳವಿಲ್ಲದ ದುಡಿಮೆಯ ಬಗ್ಗೆ ನಾನು ಸ್ವಲ್ಪ ಕಠಿಣವಾಗಿಯೇ ಮಾತನಾಡುತ್ತೇನೆ. ಕಲಿಯಲೆಂದು ಒಂದು ಸೆಮಿಸ್ಟರ್ ಮಾಡಬಹುದು. ಅದಾದ ಮೇಲೂ ಅನುಭವದ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವವರಿಗೆ ಇಲ್ಲ ಎನ್ನಬೇಕು. ಮನೆಯ ಆಸರೆ ಇರುವವರು ಮಾತ್ರ ಈ ಕ್ಷೇತ್ರದಲ್ಲಿ ಉಳಿದರೆ, ಎಲ್ಲ ಬಗೆಯ ಕುಟುಂಬಗಳ ಮಕ್ಕಳನ್ನು ಅರ್ಥಮಾಡಿಕೊಳ್ಳಬೇಕಾದ ಶಾಸ್ತ್ರವನ್ನು ಒಂದೇ ಬಗೆಯ ಮನೆಯಿಂದ ಬಂದವರು ಬರೆಯುತ್ತಾರೆ.

ಆಕೆ ಒಂದು ಮುಕ್ತ ದಿನಕ್ಕೆ ಹೋಗಿ ಸಹಾಯಕಿಯೊಬ್ಬರನ್ನು ಮಾತನಾಡಿಸಿದರು. ವಾರದ ಹೆಚ್ಚು ಪಾಲು ಶಿಶುಗಳ ನಿದ್ದೆ ಮತ್ತು ಹಾಲಿನ ವೇಳೆಯ ನಡುವೆ ಭೇಟಿಗಳನ್ನು ಹೊಂದಿಸುವುದರಲ್ಲಿ, ತಪ್ಪಿದ ಭೇಟಿಗಳನ್ನು ಮತ್ತೆ ಗೊತ್ತುಪಡಿಸುವುದರಲ್ಲಿ ಕಳೆಯುತ್ತದೆ, ನಿದ್ದೆಗೆಟ್ಟು ಬಂದ ಮಗು ರಂಪ ಮಾಡಿದರೆ ಅಂದಿನ ದತ್ತಾಂಶವೇ ಇಲ್ಲ ಎಂದು ಅವರು ಹೇಳಿದರಂತೆ. ಇದನ್ನು ಕೇಳಿ ಭಯ ಹೆಚ್ಚುವ ಬದಲು ಇಳಿಯಿತು ಎಂದರು. ನಂತರದ ತಿಂಗಳುಗಳಲ್ಲಿ ಒಂದು ಕಡೆ ಮೊದಲು ಸಂಬಳವಿಲ್ಲದೆ ಕೆಲಸ ಮಾಡಿ ತೋರಿಸಿ ಎಂದಾಗ ನಿರಾಕರಿಸಿದರು. ಇನ್ನೊಂದು ಕಡೆ ಸಂದರ್ಶನದಲ್ಲಿ ವಿಡಿಯೊ ತುಣುಕನ್ನು ಕೊಟ್ಟು ಕೋಡಿಂಗ್ ಮಾಡಿಸಿದರು. ಪ್ರಯೋಗ ನಿಲ್ಲಿಸುವ ಅಧಿಕಾರ ಯಾರಿಗೆ ಎಂದು ಆಕೆ ಅಲ್ಲಿ ಕೇಳಿದಾಗ, ಕೋಣೆಯಲ್ಲಿರುವ ಯಾರಾದರೂ ನಿಲ್ಲಿಸಬಹುದು ಎಂಬ ಉತ್ತರ ಬಂದಿತು. ಈಗ ಅಲ್ಲಿಯೇ ಒಂದು ವರ್ಷದ ಅವಧಿಯ ಹುದ್ದೆಯಲ್ಲಿದ್ದಾರೆ. ಅವಧಿ ವಿಸ್ತರಣೆಯ ಸಾಧ್ಯತೆಯನ್ನೂ ಪ್ರಕಟವಾಗುವ ಲೇಖನದಲ್ಲಿ ತಮ್ಮ ಹೆಸರು ಇರುತ್ತದೆಯೇ ಎಂಬುದನ್ನೂ ವರ್ಷದ ಕೊನೆಗೆ ಬಿಡದೆ ಮೊದಲ ತಿಂಗಳುಗಳಲ್ಲಿಯೇ ಕೇಳಿ ಬರವಣಿಗೆಯಲ್ಲಿ ಪಡೆಯಿರಿ ಎಂದು ಕೊನೆಯ ಭೇಟಿಯಲ್ಲಿ ಹೇಳಿದ್ದೇನೆ. ಕೇಳಲು ಇನ್ನೂ ಸಂಕೋಚವಾಗುತ್ತಿದೆಯೆಂದು ಬರೆದಿದ್ದಾರೆ.