ಆರ್‌ಎಕ್ಸ್ 100 ಬೈಕಿನ ಬೋರ್, ಅಂದ್ರೆ ಪಿಸ್ಟನ್ ಓಡಾಡುವ ತೂತು, ಸವೆದಿದೆ. 0.50ಕ್ಕೆ (ಅರ್ಧ ಮಿ.ಮೀ. ದೊಡ್ಡದಾಗಿ) ಬೋರ್ ಮಾಡಿಸ್ಲಾ, ಇಲ್ಲಾ ಒಳಗೆ ಸ್ಲೀವ್ (ಹೊಸ ಕೊಳವೆ) ಹಾಕಿಸಿ ಸ್ಟ್ಯಾಂಡರ್ಡ್‌ಗೆ ತರ್ಲಾ?

ನಿಮ್ಮ ಗಾಡಿಯಲ್ಲಿ ಕಿಕ್ ಹಗುರ, ಟಕಟಕ ಸದ್ದು, ಏರಿನಲ್ಲಿ ಎಳೆಯಲ್ಲ. ನಮ್ಮಣ್ಣನ ಆರ್‌ಎಕ್ಸ್ 100 ಕೂಡ ಹೀಗೇ ಆಗಿತ್ತು.

ನಾನು ಅದಕ್ಕೆ ಬೋರ್ ಮಾಡಿಸಿದೆ. ಆ ನಿರ್ಧಾರ ಸರಿಯೇ ಇತ್ತು. ಕೆಟ್ಟಿದ್ದು ಎಲ್ಲಿ ಅಂದ್ರೆ, ಲೇತ್ ಅಂಗಡಿಗೆ ಬ್ಲಾಕ್ (ಬೋರ್ ಇರುವ ಸಿಲಿಂಡರ್) ಮಾತ್ರ ಕೊಟ್ಟು ಬಂದೆ, ಪಿಸ್ಟನ್ ಕೊಡಲಿಲ್ಲ. ಆಮೇಲೆ ತಗೊಂಡರಾಯ್ತು, 0.50 ಅಂದ್ರೆ 0.50 ತಾನೇ ಅಂದುಕೊಂಡಿದ್ದೆ. ಈ ಗಾಡಿಯ ಮೂಲ ಬೋರ್ 50 ಮಿ.ಮೀ. ಅವರು ಲೆಕ್ಕದ ಪ್ರಕಾರ 50.50ಕ್ಕೆ ಹೊಡೆದು ಕೊಟ್ಟರು. ಆದರೆ ಡಬ್ಬದ ಮೇಲೆ ಒಂದೇ ನಂಬರ್ ಇದ್ದರೂ ಒಂದು ಕಂಪನಿಯ ಪಿಸ್ಟನ್ ಇನ್ನೊಂದರಷ್ಟೇ ಇರಲ್ಲ. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಜಾಗ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಬಿಸಿಯಾದಾಗ ಅಲ್ಯೂಮಿನಿಯಂ ಪಿಸ್ಟನ್ ಬೋರಿನ ಒಳಗೋಡೆಯಾದ ಕಬ್ಬಿಣದ ಲೈನರ್‌ಗಿಂತ ಜಾಸ್ತಿ ಹಿಗ್ಗುತ್ತೆ. ಜಾಗ ಸಾಲದಿದ್ರೆ ಹಿಡ್ಕೊಳ್ಳುತ್ತೆ. ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲಿಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಪಿಸ್ಟನ್ ಸೀಜ್ ಆಗಿ (ಹಿಡ್ಕೊಂಡು) ಹಿಂದಿನ ಚಕ್ರ ಲಾಕ್ ಆಯ್ತು. ಬಿಚ್ಚಿ ನೋಡಿದ್ರೆ ಸೈಲೆನ್ಸರ್ ಕಡೆಗೆ ಪಿಸ್ಟನ್ ಮೈಯೆಲ್ಲ ಉದ್ದುದ್ದ ಗೀರು. ಅದರ ಅಲ್ಯೂಮಿನಿಯಂ ಬೋರಿನ ಗೋಡೆಗೆ ಮೆತ್ತಿಕೊಂಡಿತ್ತು. 0.75ಕ್ಕೆ ಹೋಗಬೇಕಾಯ್ತು. ದುಡ್ಡು ಹೋಯ್ತು ಅನ್ನೋದಕ್ಕಿಂತ ಬ್ಲಾಕಿನ ಒಂದು ಸೈಜ್ ಸುಮ್ನೆ ಹಾಳಾಯ್ತು ಅನ್ನೋದೇ ಇವತ್ತಿಗೂ ಬೇಜಾರು.

ಹಾಗಾಗಿ ಬೋರಾ ಸ್ಲೀವಾ ಅನ್ನೋದು ಈಗ ನಿಮ್ಮ ಪ್ರಶ್ನೆಯೇ ಅಲ್ಲ. 0.50, 0.75, 1.00 ಎಲ್ಲ ಇನ್ನೂ ಉಳಿದಿರುವಾಗ ಸ್ಲೀವ್ ಯಾಕೆ? ಟೂ ಸ್ಟ್ರೋಕ್‌ನಲ್ಲಿ ಸ್ಲೀವ್ ಅಂದ್ರೆ ಬರೀ ಕೊಳವೆ ಕೂರಿಸೋ ಕೆಲಸ ಅಲ್ಲ. ಅದರ ಪೋರ್ಟ್ ಕಿಂಡಿಗಳು (ಪೆಟ್ರೋಲ್-ಗಾಳಿ ಒಳಬರುವ, ಹೊಗೆ ಹೊರಹೋಗುವ ತೂತುಗಳು) ಬ್ಲಾಕಿನ ಕಿಂಡಿಗಳಿಗೆ ಸರಿಯಾಗಿ ಕೂರಬೇಕು. ಸ್ವಲ್ಪ ಮೇಲೆ ಕೆಳಗೆ ಆದರೂ ಪೋರ್ಟ್ ತೆರೆಯೋ ಹೊತ್ತೇ ಬದಲಾಗುತ್ತೆ. ಕಿಂಡಿಯ ಅಂಚು ಸವರದೆ ಚೂಪಾಗಿ ಬಿಟ್ರೆ ಪಿಸ್ಟನ್ ಸುತ್ತಲಿನ ರಿಂಗ್ ಸಿಕ್ಕಿ ಮುರಿಯುತ್ತೆ. ಕೂರಿಸಿದ ಮೇಲೂ ಬೋರಿಂಗ್, ಹೋನಿಂಗ್ (ಕಲ್ಲಿನಿಂದ ಗೋಡೆ ಉಜ್ಜಿ ಸಣ್ಣ ಗೆರೆ ಮೂಡಿಸೋದು) ತಪ್ಪಿದ್ದಲ್ಲ. ಕೊನೆ ಸೈಜೂ ಮುಗಿದ ಮೇಲೆ ಅಥವಾ ಗೀರು ತುಂಬಾ ಆಳ ಇದ್ರೆ ಆಗ ಸ್ಲೀವ್ ಯೋಚನೆ ಮಾಡಿ.

ಮೊದಲು ಪಿಸ್ಟನ್, ರಿಂಗ್ ತಗೊಂಡು ಅಂಗಡಿಗೆ ಹೋಗಿ. ಪಿಸ್ಟನ್ನಿನ ಕೆಳಭಾಗವನ್ನು, ಪಿನ್‌ಗೆ ಅಡ್ಡಲಾಗಿ, ಮೈಕ್ರೋಮೀಟರಿನಲ್ಲಿ ಅಳೆದು ಅದಕ್ಕೆ ತಕ್ಕಂತೆ ಬೋರ್ ಹೊಡೆಯೋರನ್ನೇ ಹುಡುಕಿ. ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಬೋರ್ ಗೇಜ್ (ತೂತಿನ ಅಗಲ ಅಳೆಯುವ ಸಾಧನ) ಹಾಕಿ ತೋರಿಸಿ ಅಂತ ಕೇಳಿ. ಅದಕ್ಕೆ ಮುಖ ಸಿಂಡರಿಸಿದ್ರೆ ಬ್ಲಾಕ್ ವಾಪಸ್ ತಗೊಂಡು ಬನ್ನಿ. ಮನೆಗೆ ತಂದ ಮೇಲೆ ಬರೀ ಪೆಟ್ರೋಲಿನಲ್ಲಿ ತೊಳೆದರೆ ಸಾಲದು. ಹೋನಿಂಗ್ ಪುಡಿ ಗೆರೆಗಳಲ್ಲೇ ಕೂತಿರುತ್ತೆ. ಬಿಸಿನೀರು, ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿ. ಬಿಳಿ ಬಟ್ಟೆಯಲ್ಲಿ ಒರೆಸಿದ್ರೆ ಬೂದು ಬಣ್ಣ ಹತ್ತಬಾರದು. ಒಣಗಿದ ಕೂಡಲೇ ಎಣ್ಣೆ ಸವರಿ, ಇಲ್ಲಾಂದ್ರೆ ಬೇಗ ತುಕ್ಕು ಹಿಡಿಯುತ್ತೆ.