ಓದುಗರ ಪ್ರಶ್ನೆ: ಹೊಲದ ಪಕ್ಕ ಕಲ್ಲಿದ್ದಲು ಸ್ಥಾವರ ಬಂದರೆ?

ಪ್ರಶ್ನೆ: ಸರ್, ನಮ್ಮ ಊರಿನ ಹತ್ತಿರ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂಬ ಸುದ್ದಿ ಹಬ್ಬಿದೆ. ನಮ್ಮದು ಆರು ಎಕರೆ ಶೇಂಗಾ ಹೊಲ. ಸ್ಥಾವರ ಬಂದರೆ ಪಂಪ್‌ಸೆಟ್‌ಗೆ ಹಗಲೂ ರಾತ್ರಿ ಕರೆಂಟ್ ಸಿಗುತ್ತದೆ, ಒಪ್ಪಿಬಿಡೋಣ ಎನ್ನುತ್ತಾನೆ ತಮ್ಮ. ನನಗೆ ಮನಸ್ಸಿಲ್ಲ. ಏನು ಮಾಡಲಿ?
— ಚಳ್ಳಕೆರೆ ತಾಲ್ಲೂಕಿನ ಓದುಗರು

ಉತ್ತರ: ಮೊದಲು ತಮ್ಮನ ಲೆಕ್ಕ ತಿದ್ದೋಣ. ಸ್ಥಾವರದ ಕರೆಂಟ್ ನಿಮ್ಮ ಹೊಲ ದಾಟಿ ಗ್ರಿಡ್ಡಿಗೆ, ಅಂದರೆ ಎಲ್ಲೆಡೆಗೆ ಕರೆಂಟ್ ಒಯ್ಯುವ ತಂತಿಜಾಲಕ್ಕೆ ಹೋಗುತ್ತದೆ. ನಿಮ್ಮ ಪಂಪ್‌ಸೆಟ್‌ಗೆ ಎಷ್ಟು ಗಂಟೆ ಎಂಬುದನ್ನು ಊರ ಪಕ್ಕದ ಚಿಮಣಿ ತೀರ್ಮಾನಿಸುವುದಿಲ್ಲ.

ಕಲ್ಲಿದ್ದಲನ್ನು ಹಳಿಯಲು ನಾನು ಈ ಅಂಕಣ ಬರೆಯುತ್ತಿಲ್ಲ. ದಾವಣಗೆರೆಗೆ ಬಂದು ನೆಲೆಸುವ ಮುನ್ನ ಅಂಥ ಸ್ಥಾವರದ ಕೆಲಸವೇ ನನ್ನ ಅನ್ನ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಆಷಾಢದಲ್ಲಿ ತಿರುಗಿದಷ್ಟು ಮಾಗಿಯಲ್ಲಿ ತಿರುಗುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಪಾವಗಡದ ಸೌರ ಫಲಕಗಳೂ ಸುಮ್ಮನಾಗುತ್ತವೆ. ಆಗ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಬಾಯ್ಲರುಗಳು ಉರಿಯಲೇಬೇಕು.

ಆದರೆ ನಿಮ್ಮ ಸೀಮೆಯಲ್ಲಿ ಕೇಳಬೇಕಾದದ್ದು ನೀರು. ಈಗಿನ ನಿಯಮದಂತೆ ಹೊಸ ಸ್ಥಾವರ ಒಂದು ಯೂನಿಟ್‌ಗೆ 3 ಲೀಟರ್‌ವರೆಗೆ ನೀರು ಬಳಸಬಹುದು. ಅಲ್ಪವೆನಿಸುತ್ತದೆ, ಅಲ್ಲವೇ? ಸಾವಿರ ಮೆಗಾವಾಟ್ ಸ್ಥಾವರ ಪೂರ್ತಿ ಓಡಿದರೆ ದಿನಕ್ಕೆ 2.4 ಕೋಟಿ ಯೂನಿಟ್, ನೀರು 7.2 ಕೋಟಿ ಲೀಟರ್. ವರ್ಷಕ್ಕೆ ಹತ್ತಿರ ಹತ್ತಿರ ಒಂದು ಟಿಎಂಸಿ. 1933ರಲ್ಲಿ ಕೋಡಿ ಬಿದ್ದ ನಿಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಜಿಲ್ಲೆಯಲ್ಲಿ ಆ ಒಂದು ಟಿಎಂಸಿಯನ್ನು ಯಾರ ಪಾಲಿನಿಂದ ಕಡಿಯುತ್ತಾರೆ?

ಇನ್ನು ಬೂದಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೂದಿಯೇ. ಅಷ್ಟು ದೊಡ್ಡ ಸ್ಥಾವರಕ್ಕೆ ದಿನಕ್ಕೆ ನಾಲ್ಕು ಗೂಡ್ಸ್ ರೈಲಿನಷ್ಟು ಕಲ್ಲಿದ್ದಲು ಬೇಕು. ಅದೂ ಹೊರರಾಜ್ಯದಿಂದ, ಕರ್ನಾಟಕದಲ್ಲಿ ಗಣಿ ಇಲ್ಲವಲ್ಲ. ಉಳಿಯುವ ಬೂದಿ ಐದಾರು ಸಾವಿರ ಟನ್. ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ ನಿಜ. ಹೋಗದ್ದನ್ನು ನೀರಿನಲ್ಲಿ ಕಲಸಿ ಬೂದಿ ಕೊಳಕ್ಕೆ ಹರಿಸುತ್ತಾರೆ. ಕೊಳ ಒಣಗಿದ ಬೇಸಿಗೆಯಲ್ಲಿ ಗಾಳಿ ಎದ್ದರೆ ನಮ್ಮ ಕ್ವಾರ್ಟರ್ಸಿನ ತುಳಸಿ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಮಹಡಿಯ ಮೇಲೆ ಹಪ್ಪಳ ಒಣಹಾಕುವುದನ್ನು ನನ್ನ ಹೆಂಡತಿ ಎರಡನೆಯ ವರ್ಷಕ್ಕೇ ಬಿಟ್ಟಳು. ಶೇಂಗಾ ಎಲೆಯನ್ನು ಒರೆಸಿಕೊಂಡು ಕೂರಲು ನಿಮಗೆ ಬಿಡುವಿದೆಯೇ?

ನೌಕರಿಯ ಆಸೆ ತೋರಿಸುತ್ತಾರೆ. ಭೂಮಿ ಕೊಟ್ಟವರ ಮಕ್ಕಳಲ್ಲಿ ಹೆಚ್ಚಿನವರನ್ನು ನಾನು ಕಂಡದ್ದು ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ, ಮಳೆಗಾಲದಲ್ಲಿ ವ್ಯಾಗನ್ನಿಗೆ ಅಂಟಿದ ಒದ್ದೆ ಕಲ್ಲಿದ್ದಲನ್ನು ಹಾರೆಯಿಂದ ಕೆಡಹುವ ಕೆಲಸದಲ್ಲಿ. ಹೋಲಿಸಿ ನೋಡಲು ನಿಮ್ಮ ನೆರೆಯ ಪಾವಗಡವೇ ಇದೆ: ಅಲ್ಲಿ ಸೌರ ಸ್ಥಾವರಕ್ಕೆ ರೈತರು ಭೂಮಿ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಕೊಟ್ಟರು. ಪಹಣಿ ಅವರ ಹೆಸರಿನಲ್ಲೇ ಉಳಿದಿದೆ.

ಸದ್ಯಕ್ಕೆ ಯಾವ ಕಾಗದಕ್ಕೂ ಸಹಿ ಬೇಡ, ಮುಂಗಡವೂ ಬೇಡ. ಸುದ್ದಿ ನಿಜವಾದರೆ ಸಾರ್ವಜನಿಕ ಅಹವಾಲು ಸಭೆ ನಡೆಯಲೇಬೇಕು. ಪರಿಸರ ವರದಿಯ ಕನ್ನಡ ಸಾರಾಂಶವನ್ನು ಮೊದಲೇ ಪಡೆದು ನೀರಿನ ಪುಟ ಓದಿ. ಸಭೆಗೆ ತಮ್ಮನನ್ನೂ ಕರೆದುಕೊಂಡು ಹೋಗಿ. ಬೂದಿ ಕೊಳ ಯಾವ ಸರ್ವೆ ನಂಬರಿನಲ್ಲಿ ಬರುತ್ತದೆ ಎಂದು ಅವನೇ ಕೇಳಲಿ.